ಒಂದು ಬಟ್ಟೆಗೆ ಒಂದು ಚೀಟಿ

ಅಕ್ಕನ ಹೊಲಿಗೆ ಯಂತ್ರದ ಪಕ್ಕದ ಗೋಡೆಯಲ್ಲಿ, ಅಪ್ಪನ ಫೋಟೋದ ಕೆಳಗೆ, ಒಂದು ಕೆಂಪು ದೀಪ ಇದೆ. ಕಡಲೆಕಾಳಿನಷ್ಟು ದಪ್ಪ. ಅದನ್ನು ಹಾಕಿದವಳು ನಾನೇ. ಅದರ ವಿಷಯ ಬರೆದುಬಿಡಬೇಕೆಂದು ಕೂತದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ನಾಲ್ಕು ಸಾಲು ಬರೆದು, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಎದ್ದು ಹೋದೆ. ಈಗ ಹಾಲು ಕಾಯಿಸಿ ಆಗಿದೆ.

ನಮ್ಮದು ಚಾಮರಾಜಪೇಟೆಯಲ್ಲಿ ಬೀದಿಗೆ ಅಂಟಿಕೊಂಡಂತಿರುವ ಸಣ್ಣ ಮನೆ. ಬೀದಿ ಬಾಗಿಲಿನ ಕೋಣೆಯಲ್ಲಿ ಅಕ್ಕ ಬ್ಲೌಸ್ ಹೊಲಿಯುತ್ತಿದ್ದಳು. ಕಡಿದಾದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ನನ್ನ ಕೋಣೆ, ನನ್ನ ಕಂಪ್ಯೂಟರು. ಅಪ್ಪ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಅಳೆದು ಕತ್ತರಿಸುವ ಕೆಲಸದಲ್ಲಿದ್ದರು. ತುಂಡು ಬಟ್ಟೆ ಮನೆಗೆ ಬರುತ್ತಿತ್ತು, ಅದರಲ್ಲೇ ಅಕ್ಕ ಹೊಲಿಗೆ ಕಲಿತಳು. ಆ ಹೊಲಿಗೆಯಲ್ಲೇ ನಾನು ಎಲೆಕ್ಟ್ರಾನಿಕ್ಸ್ ಓದಿದೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆ ಇಬ್ಬರಿಗೂ ಆಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ.

ನನ್ನ ಕೆಲಸ ಕರ್ನಲ್‌ನಲ್ಲಿ. ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ನೋಡುವ ಮಿಕ್ಕೆಲ್ಲದಕ್ಕೂ ನಡುವೆ ಕೂತು, ಯಾರಿಗೆ ಯಾವಾಗ ಏನು ಸಿಗಬೇಕೆಂದು ನೋಡಿಕೊಳ್ಳುವ ಪಾರುಪತ್ಯಗಾರ ಅದು. ಕೀಲಿ ಒತ್ತಿದರೆ, ತಂತಿಯಲ್ಲಿ ಏನಾದರೂ ಬಂದರೆ, ಆಯಾ ಭಾಗ ಕರ್ನಲ್ಲನ್ನು ಕೂಗುತ್ತದೆ. ಆ ಕೂಗಿಗೆ ಇಂಟರಪ್ಟ್ ಎನ್ನುತ್ತೇವೆ. ಕೂಗು ಬಂತೆಂದರೆ ಕೈಯಲ್ಲಿರುವ ಕೆಲಸ ಅಲ್ಲೇ ನಿಲ್ಲಿಸಿ ನೋಡಲೇಬೇಕು. ಆದರೆ ಅಲ್ಲೇ ಕೂತುಬಿಡುವಂತಿಲ್ಲ, ಮಿಕ್ಕವರೆಲ್ಲ ಕಾಯುತ್ತಿರುತ್ತಾರೆ. ಆದ್ದರಿಂದ ಕೆಲಸವನ್ನು ಎರಡು ಪಾಲು ಮಾಡುತ್ತೇವೆ. ಮೊದಲ ಪಾಲು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಬೇಕು: ಕೇಳಿಸಿತು ಎಂದು ತಿಳಿಸು, ಬಂದದ್ದನ್ನು ಎತ್ತಿಡು, ಮಾಡಬೇಕಾದ್ದನ್ನು ಸರದಿಗೆ ಸೇರಿಸು, ಹಿಂದಿರುಗು. ದೊಡ್ಡ ಪಾಲು ಆಮೇಲೆ, ಬಿಡುವಾದಾಗ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಅಕ್ಕನಿಗೆ ಬಿಡಿಸಿ ಹೇಳಿದ್ದೆ. ಅವಳು ಯಂತ್ರ ತುಳಿಯುತ್ತಲೇ ಕೇಳಿದಳು. ಅಷ್ಟರಲ್ಲಿ ಬೀದಿಯಿಂದ ಒಬ್ಬರು ಬಂದರು. ಅಕ್ಕ ಕಾಲು ನಿಲ್ಲಿಸಿ, ಬನ್ನಿ ಎಂದು, ಅವರ ಕೈಯಿಂದ ಬ್ಲೌಸ್ ಪೀಸು, ಅಳತೆ ಬ್ಲೌಸು ತೆಗೆದುಕೊಂಡಳು. ಕುತ್ತಿಗೆ ಎಷ್ಟು ಇಳಿಸಬೇಕೆಂದು ಕೇಳಿ ಚೀಟಿಯಲ್ಲಿ ಬರೆದು, ಪಿನ್ನು ಚುಚ್ಚಿ ಬುಟ್ಟಿಗೆ ಹಾಕಿ, ಗುರುವಾರ ಬನ್ನಿ ಎಂದು ಕಳಿಸಿದಳು. ಮತ್ತೆ ಕಾಲು ಆಡಿತು. ಪೂರಾ ಎರಡು ನಿಮಿಷವೂ ಆಗಿರಲಿಲ್ಲ.

"ಇದೇ ತಾನೇ ನೀನು ಹೇಳ್ತಿರೋದು? ಇದಕ್ಕೆ ನಾಲ್ಕು ವರ್ಷ ಓದಬೇಕಿತ್ತೇನೆ?" ಎಂದಳು.

ಇದೇ ಎಂದು ಒಪ್ಪಿಕೊಂಡೆ. ಅವಳಲ್ಲಿ ಒಂದು ಕಟ್ಟುನಿಟ್ಟಿತ್ತು. ಒಬ್ಬರೇ ಮೂರು ಪೀಸು ತಂದರೂ ಮೂರು ಚೀಟಿ. ಪ್ರತಿ ಚೀಟಿಯಲ್ಲೂ ಕೊಟ್ಟ ದಿನ, ಹೊತ್ತು. ಒಂದೇ ಮನೆಯವರು, ಒಂದೇ ಅಳತೆ, ಒಂದರಲ್ಲಿ ಬರೆದರೆ ಸಾಲದೇ ಎಂದು ನಾನು ಕೇಳಿದ್ದೆ.

"ಒಂದು ಬಟ್ಟೆಗೆ ಒಂದು ಚೀಟಿ. ಮೂರಕ್ಕೆ ಒಂದು ಬರೆದ್ರೆ ಎರಡು ಬಟ್ಟೆ ಕಳೆದ ಹಾಗೇ ಕಣೇ," ಎಂದಿದ್ದಳು.

ನಾಲ್ಕು ವರ್ಷದ ಹಿಂದೆ ಅಕ್ಕನ ಗಂಟಲಲ್ಲಿ ಗಡ್ಡೆ ಆಯಿತು. ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಅಳತೆ ಕೊಡಲು ಬಂದವರ ಮನೆ ಕಥೆಯನ್ನೆಲ್ಲ ಕೇಳಿ ಬುದ್ಧಿ ಹೇಳುತ್ತಿದ್ದವಳು ಮಗ್ಗಿ ಬರೆಯುವ ಮಕ್ಕಳ ಸ್ಲೇಟು ಹಿಡಿದಳು. ಮೊದಲ ತಿಂಗಳು ನಾವಿಬ್ಬರೂ ಅತ್ತೆವು. ಆಮೇಲೆ ಸ್ಲೇಟಿನಲ್ಲೂ ಅವಳ ಕೊಂಕು ಶುರುವಾಯಿತು. ನನ್ನ ಉಪ್ಪಿಟ್ಟನ್ನು ಒಂದು ತುತ್ತು ತಿಂದು, ಬಳಪ ಎತ್ತಿಕೊಂಡು, "ಗೋಡೆಗೆ ಮೆತ್ತಬಹುದು" ಎಂದು ಬರೆದಳು. ಆ ದಿನ ನನಗೆ ಉಸಿರು ಬಂದ ಹಾಗಾಯಿತು.

ಮೇಲಿದ್ದ ನನ್ನನ್ನು ಅವಳು ಕರೆಯುವುದು ಹೇಗೆ? ಮೊಬೈಲು ಅವಳಿಗೆ ಹಿಡಿಸದು, ಬಟ್ಟೆ ರಾಶಿಯ ಕೆಳಗೆ ಎಲ್ಲೋ ಬಿದ್ದಿರುತ್ತಿತ್ತು. ನಾನು ಒಂದು ಭಾನುವಾರ ಕೂತು ಬೆಲ್ಲು ಮಾಡಿದೆ. ಯಂತ್ರದ ಹಲಗೆಯ ಅಂಚಿಗೆ ಒಂದು ಗುಂಡಿ. ಅಕ್ಕ ಒತ್ತಿದರೆ ಮೇಲೆ ನನ್ನ ಮೇಜಿನಲ್ಲಿ ಗುಂಯ್ ಎನ್ನುತ್ತದೆ, ಕೆಳಗೆ ಕೆಂಪು ದೀಪ ಹತ್ತುತ್ತದೆ. ನಾನು ನನ್ನ ಮೇಜಿನ ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ, ದೀಪ ಆರುತ್ತದೆ. ದೀಪ ಆರಿತೆಂದರೆ ಅವಳಿಗೆ ಅರ್ಥ: ತಂಗಿಗೆ ಕೇಳಿಸಿತು, ಬರುತ್ತಾಳೆ. ನಡುವೆ ಉಗುರಗಲದ ಒಂದು ಸರ್ಕ್ಯೂಟ್ ಬೋರ್ಡು. ವೃತ್ತಿಯ ಚಾಳಿ, ಪ್ರತಿ ಒತ್ತಿನ ಹೊತ್ತನ್ನೂ ಅದು ತನ್ನೊಳಗೆ ಬರೆದಿಟ್ಟುಕೊಳ್ಳುವಂತೆ ಮಾಡಿದ್ದೆ. ಬರೆದದ್ದನ್ನು ಯಾವತ್ತೂ ತೆರೆದು ನೋಡಿರಲಿಲ್ಲ.

ತಂತಿ ಎಳೆಯುವಾಗ ಅಕ್ಕ ಸ್ಲೇಟಿನಲ್ಲಿ ಕೇಳಿದ್ದಳು: "ಆರಿಸೋ ಗುಂಡಿ ಇಲ್ಲೇ ಕೆಳಗೆ ಇಡಬಾರದಾ?" ಅಂದರೆ ನಾನು ಇಳಿದು ಬಂದು ಆರಿಸಬೇಕು, ಅಲ್ಲಿಯವರೆಗೂ ಬೆಲ್ಲು ಬಡಿದುಕೊಳ್ಳುತ್ತಿರಬೇಕು. ನಾನು ನಕ್ಕೆ. ಮೀಟಿಂಗಿನಲ್ಲಿದ್ದರೆ ಕಷ್ಟ ಕಣೇ ಅಕ್ಕ ಎಂದೆ. ಅವಳು ತಲೆಯಾಡಿಸಿ ಸ್ಲೇಟು ಒರೆಸಿದಳು.

ಅವಳು ಕರೆಯುತ್ತಿದ್ದುದು ಹೆಚ್ಚಾಗಿ ಸೂಜಿಗೆ ದಾರ ಪೋಣಿಸಲು. ಕಣ್ಣು ಮಂಜಾಗುತ್ತಿತ್ತು, ಕನ್ನಡಕ ಬದಲಾಯಿಸಲು ಸೋಮಾರಿತನ. ಇಲ್ಲದಿದ್ದರೆ ಕಾಫಿಗೆ, ಅಥವಾ ಬಾಗಿಲಲ್ಲಿ ಯಾರಾದರೂ ಬಂದು ಅವಳ ಬರಹ ಓದಲಾರದೆ ನಿಂತಿದ್ದರೆ. ನಾನು ಗುಂಡಿ ಒತ್ತಿ, ದಿನಚರಿಯ ನೋಟ್‌ಬುಕ್ಕಿನಲ್ಲಿ "ಅಕ್ಕ" ಎಂದು ಗುರುತು ಹಾಕಿ, ಕೈಯಲ್ಲಿದ್ದುದನ್ನು ಮುಗಿಸಿ ಇಳಿಯುತ್ತಿದ್ದೆ. ಹತ್ತು ನಿಮಿಷವೋ ಇಪ್ಪತ್ತೋ. ಅವಳು ಆ ಹೊತ್ತಿಗೆ ಇನ್ನೊಂದು ಬಟ್ಟೆ ಹಿಡಿದಿರುತ್ತಿದ್ದಳು.

ಆ ದಿನ ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ಅವಳ ಪೂಜೆ ಮುಗಿದಿತ್ತು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾಫಿ ಲೋಟ, ತೊಡೆಯ ಮೇಲೆ ಒಂದು ಹಸಿರು ಬ್ಲೌಸು. ಅದಕ್ಕೆ ಹುಕ್ಕು ಹಾಕುವುದೊಂದು ಬಾಕಿ. ನಾನು ನನ್ನ ಚಪಾತಿ ಡಬ್ಬಿ ಎತ್ತಿಕೊಂಡು, ಇವತ್ತು ಮಧ್ಯಾಹ್ನ ಇಳಿಯಲ್ಲ, ದೊಡ್ಡ ತಲೆನೋವೊಂದಿದೆ ಎಂದೆ. ಅವಳು ಕೈ ಬೀಸಿದಳು, ಹೋಗು ಹೋಗು ಎನ್ನುವ ಹಾಗೆ.

ಆ ತಲೆನೋವು ಎಂಟು ದಿನದ್ದು. ನಮ್ಮ ಒಂದು ಉಪಕರಣದಲ್ಲಿ ಸಂದೇಶಗಳು ಆಗಾಗ ಮಾಯವಾಗುತ್ತಿದ್ದವು. ಯಂತ್ರ ಕೂಗುತ್ತದೆ, ಕರ್ನಲ್ ಕೇಳಿಸಿತು ಎನ್ನುತ್ತದೆ, ಆದರೂ ಕೆಲವು ಕೆಲಸ ನಡೆದೇ ಇರುವುದಿಲ್ಲ. ನಮ್ಮ ತಂಡದ ಹುಡುಗಿಯೊಬ್ಬಳು ಫೋನಿನಲ್ಲಿ, ಮೇಡಂ, ದೃಷ್ಟಿ ತೆಗೆಸೋಣ್ವಾ ಎಂದು ಕೇಳುವ ಮಟ್ಟಕ್ಕೆ ಬಂದಿದ್ದಳು.

ಮಧ್ಯಾಹ್ನ ಬೆಲ್ಲು ಬಂತು. ಒತ್ತಿದೆ. "ಅಕ್ಕ, ಆಮೇಲೆ" ಎಂದು ಬರೆದೆ. ಇನ್ನೊಂದು ಸಲ ಬಂತು. ಒತ್ತಿದೆ. ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿತ್ತಲ್ಲ, ಮತ್ತೆ ಯಾಕೆ ಬರೆಯುವುದು? ಮೂರನೆಯ ಸಲವೂ ಬಂತು. ಅದನ್ನೂ ಒತ್ತಿ ಆರಿಸಿದೆ. ದಾರ ಪೋಣಿಸುವುದಿರಬೇಕು, ಎಷ್ಟು ಅವಸರ ಇವಳಿಗೆ ಎಂದುಕೊಂಡೆ. ಹೊತ್ತು ನೋಡಲಿಲ್ಲ.

ಆಮೇಲೆ, ಮೂರು ಗಂಟೆ ದಾಟಿದ ಮೇಲೆ, ತಪ್ಪು ಸಿಕ್ಕಿತು. ಎಷ್ಟು ಸಣ್ಣದು! ಯಂತ್ರ ಕೂಗಿದಾಗ ಮೊದಲ ಪಾಲಿನ ಕೆಲಸ "ಬಾಕಿ ಇದೆ" ಎಂದು ಒಂದು ಗುರುತು ಹಾಕುತ್ತದೆ. ಗುರುತು ಹಾಕಿರುವಾಗಲೇ ಇನ್ನೆರಡು ಸಲ ಕೂಗಿದರೆ ಅದೇ ಗುರುತಿನ ಮೇಲೆ ಮತ್ತೆ ಗುರುತು. ಬಾಕಿ ಇದೆ ಎಂದು ಗೊತ್ತು, ಎಷ್ಟು ಎಂದು ಗೊತ್ತಿಲ್ಲ. ಎರಡನೆಯ ಪಾಲು ಬಂದು ಒಂದೇ ಒಂದು ಕೆಲಸ ಮಾಡಿ, ಗುರುತು ಅಳಿಸಿ ಹೋಗುತ್ತದೆ. ಮಿಕ್ಕ ಎರಡು ಹೋದವು.

ಅಕ್ಕನ ಚೀಟಿ ನೆನಪಾಯಿತು. ಮೂರಕ್ಕೆ ಒಂದು ಬರೆದರೆ ಎರಡು ಕಳೆದ ಹಾಗೆ. ಎಂಟು ದಿನದಿಂದ ಹುಡುಕುತ್ತಿದ್ದುದನ್ನು ಅಕ್ಕ ಇಪ್ಪತ್ತೈದು ವರ್ಷದ ಹಿಂದೆಯೇ ಹೇಳಿದ್ದಳು. ಇದನ್ನು ಅವಳಿಗೆ ಹೇಳಲೇಬೇಕು ಎಂದು ನಗುತ್ತಲೇ ಮೆಟ್ಟಿಲು ಇಳಿದೆ. ಅರ್ಧ ಮೆಟ್ಟಿಲಿನಿಂದಲೇ ಹೇಳಲು ಶುರು ಮಾಡಿದ್ದೆ.

ಅವಳು ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಯಾರದ್ದೋ ಕೈ ಎನ್ನುವ ಹಾಗೆ ಜೋತುಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಕಣ್ಣು ನನ್ನನ್ನು ನೋಡಿತು, ನೋಡುತ್ತಲೇ ಇತ್ತು. ದೀಪ ಆರಿತ್ತು.

ಬೀದಿ ಬಾಗಿಲು ಅವಳಿಂದ ಎರಡು ಮಾರು. ತೆರೆದೇ ಇತ್ತು. ಹೊರಗೆ ಹೂ ಮಾರುವಾಕೆ, ಶಾಲೆ ಬಿಟ್ಟ ಮಕ್ಕಳು, ಎದುರಿನ ವರ್ಕ್‌ಶಾಪಿನ ಸದ್ದು. ಒಂದು ಡಬ್ಬಿ ಉರುಳಿಸಿದ್ದರೂ ಯಾರಾದರೂ ತಿರುಗಿ ನೋಡುತ್ತಿದ್ದರು. ಅವಳು ಉರುಳಿಸಲಿಲ್ಲ. ದೀಪ ಮೂರು ಸಲವೂ ಆರಿತ್ತಲ್ಲ. ತಂಗಿಗೆ ಕೇಳಿಸಿದೆ, ಬರುತ್ತಾಳೆ ಎಂದು ಕೂತಿದ್ದಳು.

ಪಕ್ಕದ ಮನೆಯವರು ಆಟೋ ತಂದರು. ಆಸ್ಪತ್ರೆಗೆ ಮುಟ್ಟಿದಾಗ ನಾಲ್ಕು ಗಂಟೆಗೆ ಇನ್ನು ಹತ್ತು ನಿಮಿಷವಿತ್ತು. ಸ್ಕ್ಯಾನಿಗೆ ಒಳಗೆ ಕರೆದೊಯ್ದರು. ಒಬ್ಬರು ಡಾಕ್ಟರು, ನನ್ನ ಅರ್ಧ ವಯಸ್ಸಿನ ಹೆಣ್ಣುಮಗಳು, ನನ್ನ ಎದುರು ಬಂದು ನಿಂತು ಒಂದೇ ಪ್ರಶ್ನೆ ಕೇಳಿದರು.

"ಇವರು ಸರಿಯಾಗಿದ್ದಿದ್ದನ್ನ ಕೊನೇ ಸಲ ಯಾವಾಗ ನೋಡಿದ್ರಿ?"

"ಬೆಳಿಗ್ಗೆ ಒಂಬತ್ತಕ್ಕೆ."

"ಆಮೇಲೆ ಫೋನ್ ಏನಾದ್ರೂ ಮಾಡಿದ್ರಾ ನಿಮಗೆ? ಕರೆದ್ರಾ?"

"ಅಕ್ಕನಿಗೆ ಮಾತು ಬರಲ್ಲ," ಎಂದೆ.

ಅಷ್ಟೇ ಹೇಳಿದ್ದು. ಬೆಲ್ಲು ನನ್ನ ತಲೆಗೆ ಬರಲಿಲ್ಲ. ಮೂರು ಸಲ ಕರೆದಿದ್ದಳು, ಮೂರಕ್ಕೂ ನಾನು ಕೇಳಿಸಿತು ಎಂದಿದ್ದೆ, ಆದರೂ ಕರೆದಳೇ ಎಂದು ಕೇಳಿದಾಗ ನನಗೆ ನೆನಪಾದದ್ದು ಅವಳ ಗಂಟಲು. ಇದು ಲಕ್ವ, ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಡಾಕ್ಟರು ವಿವರಿಸಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ. ಶುರುವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಯಾವಾಗ ಶುರುವಾಯಿತೆಂದು ಗೊತ್ತಿಲ್ಲದಿದ್ದರೆ, ಕೊನೆಯ ಸಲ ಸರಿಯಾಗಿ ಕಂಡ ಹೊತ್ತಿನಿಂದಲೇ ಲೆಕ್ಕ ಹಿಡಿಯಬೇಕು. ಒಂಬತ್ತರಿಂದ ಈಗ ಏಳು ಗಂಟೆಯ ಹತ್ತಿರ. ಈ ಹೊತ್ತಿನಲ್ಲಿ ಕೊಟ್ಟರೆ ಮೆದುಳಿನಲ್ಲಿ ರಕ್ತ ಸೋರುವ ಅಪಾಯ. ಕೊಡಲಿಲ್ಲ.

ಮರುದಿನ ಬಟ್ಟೆಬರೆ ಒಯ್ಯಲು ಮನೆಗೆ ಬಂದೆ. ಪಕ್ಕದ ಮನೆಯಾಕೆ ಕೋಣೆ ಗುಡಿಸುತ್ತಿದ್ದರು. ಯಂತ್ರದ ಕೆಳಗಿನಿಂದ ಸ್ಲೇಟು ಎತ್ತಿ, ಇದರಲ್ಲಿ ಏನೋ ಬರೆದಿದೆ ನೋಡ್ರೀ ಎಂದು ಕೊಟ್ಟರು. ಅಕ್ಷರಗಳು ಕೆಳಕ್ಕೆ ಜಾರಿದ್ದವು. "ಈಗ ಕೈ ಜೋಮು. ಬಾ."

ಮೇಲೆ ಹೋಗಿ ಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಒಂದೂ ನಲವತ್ತೆಂಟು. ಒಂದೂ ಐವತ್ತೇಳು. ಎರಡೂ ಇಪ್ಪತ್ತು. ಪ್ರತಿಯೊಂದರ ಪಕ್ಕದಲ್ಲೂ ನಾನು ಒತ್ತಿದ ಹೊತ್ತು, ಎರಡು ಸೆಕೆಂಡು, ಮೂರು ಸೆಕೆಂಡು ಬಿಟ್ಟು. ಕೆಲಸದಲ್ಲಾದರೆ ಹೊಗಳುವಂಥ ವೇಗ.

ಒಂದೂ ನಲವತ್ತೆಂಟರಿಂದ ಮೂರೂ ಐವತ್ತರವರೆಗೆ ಎರಡು ಗಂಟೆ ಎರಡು ನಿಮಿಷ. ಬೆರಳು ಮಡಿಸಿ ಎಣಿಸಿದೆ. ಆಮೇಲೆ ಕಾಗದದ ಮೇಲೆ ಬರೆದು ಕಳೆದೆ, ಬೇರೆ ಉತ್ತರ ಬಂದೀತೇನೋ ಎಂದು.

ಡಾಕ್ಟರಿಗೆ ಹೇಳಿದೆ. ಸ್ಲೇಟನ್ನೂ ತೋರಿಸಿದೆ. ಅವರು ಅದನ್ನು ಓದಿ ನನ್ನ ಕೈಗೆ ಮರಳಿಸಿದರು. "ಅವತ್ತು ಗೊತ್ತಾಗಿದ್ರೆ ಕೊಡೋ ಯೋಚನೆ ಮಾಡ್ತಿದ್ವಿ ಆಂಟಿ. ಕೊಟ್ಟಿದ್ರೂ ಕೈ ಬರ್ತಿತ್ತು ಅಂತ ಹೇಳೋಕಾಗಲ್ಲ. ಬರದೇನೂ ಇರಬಹುದಿತ್ತು," ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅದನ್ನು ಈಗಲೂ ದಿನಕ್ಕೆರಡು ಸಲ ತೆಗೆದು ನೋಡುತ್ತೇನೆ, ಯಾವ ಕಡೆಯಿಂದ ಹಿಡಿದರೂ ಚುಚ್ಚುತ್ತದೆ.

ಹದಿನೇಳು ದಿನದ ಮೇಲೆ ಅಕ್ಕ ಮನೆಗೆ ಬಂದಳು. ಅವಳ ಮಂಚವನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಹಾಕಿದೆ. ಕಾಲು ಒಂದಿಷ್ಟು ಊರುತ್ತಾಳೆ. ಬಲಗೈ ಇಲ್ಲ. ಹೇಳಿದ್ದು ಅರ್ಥವಾಗುತ್ತದೆ, ಬರೆಯಲು ಮಾತ್ರ ಆಗುವುದಿಲ್ಲ. ಎಡಗೈಗೆ ಬಳಪ ಕೊಟ್ಟರೆ ಸ್ಲೇಟಿನ ಮೇಲೆ ಗೀರು ಬೀಳುತ್ತದೆ, ಅಕ್ಷರ ಕೂಡುವುದಿಲ್ಲ. ಮೊದಲು ದನಿ, ಈಗ ಬರಹ. ಒಂದು ವಾರ ಪ್ರಯತ್ನಪಟ್ಟಳು. ಆಮೇಲೆ ಸ್ಲೇಟನ್ನು ತಾನೇ ಮಂಚದ ಕೆಳಕ್ಕೆ ತಳ್ಳಿದಳು.

ಬೆಲ್ಲಿನ ಗುಂಡಿಯನ್ನು ಅವಳ ಎಡಗೈ ಹತ್ತಿರಕ್ಕೆ ತಂದೆ. ಆರಿಸುವ ಗುಂಡಿಯನ್ನು ನನ್ನ ಮೇಜಿನಿಂದ ಕಿತ್ತು ಅವಳ ಪಕ್ಕದಲ್ಲೇ ಇಟ್ಟೆ, ಅವತ್ತು ಅವಳು ಹೇಳಿದ್ದಂತೆ. ಈಗ ಬೆಲ್ಲು ಹೊಡೆದರೆ ನಾನು ಇಳಿದು ಬರುವವರೆಗೂ ನಿಲ್ಲುವುದಿಲ್ಲ. ಆದರೆ ಅವಳು ಒತ್ತುವುದೇ ಇಲ್ಲ. ಒಂದು ದಿನವೂ ಒತ್ತಿಲ್ಲ.

ಹಾಗಾಗಿ ಕಾಲು ಗಂಟೆಗೊಮ್ಮೆ ನಾನೇ ಇಳಿಯುತ್ತೇನೆ. ಯಂತ್ರ ಕೂಗಲಿ ಎಂದು ಕಾಯದೆ, ಏನಾದರೂ ಇದೆಯಾ, ಏನಾದರೂ ಇದೆಯಾ ಎಂದು ಕರ್ನಲ್ಲೇ ಹೋಗಿ ಹೋಗಿ ಕೇಳುವ ಪದ್ಧತಿಯೊಂದು ನಮ್ಮಲ್ಲಿದೆ. ಹೊತ್ತು ದಂಡ ಎಂದು ಹೊಸಬರಿಗೆ ಬೈದಿದ್ದೇನೆ. ಹದಿನಾಲ್ಕು ಮೆಟ್ಟಿಲು ಇಳಿದು, ನೀರು ಬೇಕಾ, ದಿಂಬು ಸರಿಸಲಾ ಎಂದು ಕೇಳಿ, ಹದಿನಾಲ್ಕು ಮೆಟ್ಟಿಲು ಹತ್ತುತ್ತೇನೆ. ಮೀಟಿಂಗಿನ ನಡುವೆ ಎದ್ದು ಹೋಗುತ್ತೇನೆಂದು ಆಫೀಸಿನವರಿಗೆ ಹೇಳಿಬಿಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಒಂದೊಂದು ಸಾಲು, ಹೊತ್ತಿನೊಂದಿಗೆ. ಈಗ.

ಅವಳಿಗೆ ಹೇಳಿರಲಿಲ್ಲ. ಆ ಮಧ್ಯಾಹ್ನ ನಾನು ಕೇಳಿಸಿಕೊಂಡೂ ಬರಲಿಲ್ಲ ಎಂಬುದು ಅವಳಿಗೆ ಗೊತ್ತು. ಡಾಕ್ಟರು ಕೇಳಿದ್ದು, ನಾನು ಉತ್ತರ ಕೊಟ್ಟದ್ದು, ಅದರಿಂದ ಇಂಜೆಕ್ಷನ್ ತಪ್ಪಿದ್ದು ಗೊತ್ತಿರಲಿಲ್ಲ. ಹೇಳದೆ ಅವಳ ಬಾಯಿಗೆ ಗಂಜಿ ಇಡುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಹೋದ ಶನಿವಾರ ಬೆಳಿಗ್ಗೆ, ಅವಳ ಹಣೆಗೆ ವಿಭೂತಿ ಹಚ್ಚಿದ ಮೇಲೆ, ನಾನೇ ಅವಳ ಬೆಲ್ಲಿನ ಗುಂಡಿ ಒತ್ತಿದೆ. ಮೇಲೆ ಖಾಲಿ ಕೋಣೆಯಲ್ಲಿ ಗುಂಯ್ ಎನ್ನತೊಡಗಿತು. ಕೆಂಪು ದೀಪ ಹತ್ತಿತು. ಆರಿಸುವ ಗುಂಡಿಯನ್ನು ಅವಳ ಎಡಗೈಯಲ್ಲಿಟ್ಟೆ.

"ಇವತ್ತು ನಾನು ಕರೀತಿದೀನಿ ಅಕ್ಕ. ಕೇಳಿಸ್ಕೋ."

ಎಲ್ಲ ಹೇಳಿದೆ. ಹೊತ್ತುಗಳನ್ನೂ ಹೇಳಿದೆ. ಅವಳು ಮುಖ ತಿರುಗಿಸಲಿಲ್ಲ. ಮುಗಿದ ಮೇಲೆ ಕೈಯಲ್ಲಿದ್ದ ಗುಂಡಿಯನ್ನು ನೋಡಿದಳು, ದೀಪವನ್ನು ನೋಡಿದಳು. ಒತ್ತಲಿಲ್ಲ. ಗುಂಡಿಯನ್ನು ಹೊದಿಕೆಯ ಮೇಲೆ ಇಟ್ಟಳು.

ಮೇಲೆ ಬೆಲ್ಲು ಹೊಡೆಯುತ್ತಲೇ ಇತ್ತು. ನನ್ನ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಆಗ ಅವಳ ಎಡಗೈ ನನ್ನ ಮೊಣಕೈಗೆ ತಟ್ಟಿತು. ಒಂದಲ್ಲ, ಎರಡು ಸಲ. ಯಂತ್ರದ ಕಡೆ ತೋರಿಸುತ್ತಿದ್ದಳು. ಹಲಗೆಯ ಮೇಲೆ ಆ ಹಸಿರು ಬ್ಲೌಸು, ಅವತ್ತು ಬಿಟ್ಟ ಹಾಗೆಯೇ ಮಡಚಿಕೊಂಡಿತ್ತು. ಅದಕ್ಕೆ ಚುಚ್ಚಿದ ಚೀಟಿಯಲ್ಲಿ ಅವಳ ದುಂಡು ಅಕ್ಷರ: ಕೊಟ್ಟ ದಿನ, ಹೊತ್ತು, ಆರು ಹುಕ್ಕು.

ತಂದು ಅವಳ ಪಕ್ಕ ಕೂತೆ. ಸೂಜಿಗೆ ದಾರ ಪೋಣಿಸಿದೆ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹುಕ್ಕು ಹಾಕುವುದು ಬರುವುದಿಲ್ಲ, ಇಷ್ಟು ವರ್ಷ ಅವಳ ಪಕ್ಕದಲ್ಲಿದ್ದೂ ಕಲಿತಿರಲಿಲ್ಲ. ಮೊದಲನೆಯದು ಸೊಟ್ಟಗೆ ಕೂತಿತು. ಅವಳು ಎಡಗೈ ಬೆರಳಿನಿಂದ ಅದನ್ನು ಮುಟ್ಟಿ, ತಲೆ ಅಲ್ಲಾಡಿಸಿದಳು. ಬಿಚ್ಚಿದೆ. ಮತ್ತೆ ಹಾಕಿದೆ. ಮತ್ತೆ ತಲೆ ಅಲ್ಲಾಡಿತು. ಮೂರನೆಯ ಸಲ ಸುಮ್ಮನಿದ್ದಳು, ನಾನು ಎರಡನೆಯದಕ್ಕೆ ಹೋದೆ.

ಆರು ಹುಕ್ಕಿಗೆ ಮಧ್ಯಾಹ್ನವಾಯಿತು. ಬೆಲ್ಲಿನ ಸದ್ದು ಎಷ್ಟೋ ಹೊತ್ತಿನ ಮೇಲೆ ಕಿವಿಗೆ ಒಗ್ಗಿಹೋಗಿತ್ತು. ಪಕ್ಕದ ಮನೆಯಾಕೆ ಬಂದು, ಅದೇನ್ರೀ ಹಾಗೆ ಬಡ್ಕೋತಿದೆ, ನಿಲ್ಲಿಸಬಾರದಾ ಎಂದು ಕೇಳಿದರು. ನಾನು ಅಕ್ಕನ ಮುಖ ನೋಡಿದೆ. ಅವಳು ಬ್ಲೌಸಿನ ದಾರದ ತುದಿ ನೋಡುತ್ತಿದ್ದಳು, ಅದನ್ನಿನ್ನೂ ಕತ್ತರಿಸಿರಲಿಲ್ಲ.

ಮೇಲೆ ಹೋಗಿ ಸದ್ದಿನ ತಂತಿಯೊಂದನ್ನು ಮಾತ್ರ ಬಿಡಿಸಿ ಬಂದೆ. ಆರಿಸುವ ಗುಂಡಿಯನ್ನು ಮುಟ್ಟಲಿಲ್ಲ, ಅದನ್ನು ಒತ್ತಬೇಕಾದವಳು ಅವಳು. ದೀಪ ಇನ್ನೂ ಉರಿಯುತ್ತಿದೆ.